ಶ್ರಾವಣಕ್ಕೆ ಬೆಳೆದು ನಿಂತ ಹುಂಜಗಳು: ಹೊಸದಾಗಿ ಕೋಳಿ ಸಾಕಿದ ಒಂದು ಮನೆಯ ಪ್ರಕರಣ

ತುಮಕೂರು ಜಿಲ್ಲೆಯ ಒಂದು ಊರು. ತಾಲ್ಲೂಕು ಯಾವುದು ಅನ್ನುವುದು ಬೇಡ. ಎರಡೂವರೆ ಎಕರೆ ಜಮೀನು, 60 ತೆಂಗಿನ ಮರ, ಮಳೆ ಬಂದರೆ ರಾಗಿ, ಸಾಲಿನಲ್ಲಿ ಅವರೆ, ತೊಗರಿ. ಎರಡು ಹಸು, ಒಂದು ಬೋರ್‌ವೆಲ್. ಹೆಸರು ಹಾಕಬೇಡಿ ಎಂದು ಮನೆಯವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಯಜಮಾನರು, ಮನೆಯಾಕೆ, ಅಜ್ಜಿ ಎಂದಷ್ಟೇ ಬರೆಯುತ್ತೇನೆ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಲೆಕ್ಕ ಮಾತ್ರ ಅವರ ನೋಟ್‌ಬುಕ್ಕಿನದೇ.

ನಾನು ಪಕ್ಕದ ಹೋಬಳಿಯವನು, ನಾನೂ ಕೋಳಿ ಸಾಕುತ್ತೇನೆ. ಈ ಕತೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದು ಆಮೇಲೆ ಬರುತ್ತದೆ.

ಯಜಮಾನರು ಬೆಂಗಳೂರಿನ ಕಾರ್ಖಾನೆಯಲ್ಲಿ 14 ವರ್ಷ ದುಡಿದು ಊರಿಗೆ ವಾಪಸ್ ಬಂದವರು. ಕೈಯಲ್ಲಿ ಪಿಎಫ್ ಹಣ ಇತ್ತು. ಮನೆಯಲ್ಲಿ ಅಜ್ಜಿಯ 7 ನಾಟಿ ಕೋಳಿ ಇದ್ದವು, ಅದರಲ್ಲಿ ಒಂದು ಹುಂಜ. ಅಜ್ಜಿ ಅವಕ್ಕೆ ಒಂದು ರೂಪಾಯಿ ಖರ್ಚು ಮಾಡಿದವರಲ್ಲ. ಬೆಳಗ್ಗೆ ಗೂಡಿನ ಕಲ್ಲು ಸರಿಸಿದರೆ ಹೊರಗೆ, ಸಂಜೆ ತಾವಾಗಿಯೇ ಒಳಗೆ. ನೆಂಟರು ಬಂದರೆ ಸಾರು, ಅಂಗಡಿಗೆ ಒಂದಷ್ಟು ಮೊಟ್ಟೆ. ಇದನ್ನು ನೋಡಿಯೇ ಯಜಮಾನರ ತಲೆಯಲ್ಲಿ ಲೆಕ್ಕ ಶುರುವಾಯಿತು. 7 ಕೋಳಿಯಿಂದ ಇಷ್ಟಾದರೆ 200 ಕೋಳಿಯಿಂದ ಎಷ್ಟು?

ಹೊಸಬರೆಲ್ಲ ಈ ಗುಣಾಕಾರದಿಂದಲೇ ಹೊರಡುತ್ತಾರೆ, ನಾನೂ ಹಾಗೇ ಹೊರಟವನು. ಅಜ್ಜಿಯ ಕೋಳಿಗಳು ಬದುಕಿದ್ದು ಚೆಲ್ಲಿದ್ದರ ಮೇಲೆ. ಕಣದಲ್ಲಿ ಉದುರಿದ ರಾಗಿ, ಹಸುವಿನ ಬಾಯಿಂದ ಬಿದ್ದ ಬೂಸಾ, ತಿಪ್ಪೆಯ ಹುಳು, ಮುಸುರೆ ಅನ್ನ. ಆ ಮನೆಗೆ ಇದ್ದದ್ದು ಒಂದೇ ತಿಪ್ಪೆ. ಅದು 7 ಕೋಳಿಯ ತಿಪ್ಪೆ. ಮರಿ 200 ಆದರೂ ತಿಪ್ಪೆ ಬೆಳೆಯುವುದಿಲ್ಲ. ಎಂಟನೇ ಕೋಳಿಯಿಂದ ಮುಂದಿನದ್ದಕ್ಕೆಲ್ಲ ಮೇವು ಚೀಲದಿಂದಲೇ ಬರಬೇಕು.

85,000 ರೂ. ಕೊಟ್ಟು ಶೆಡ್ ಕಟ್ಟಿಸಿದರು. 20 ಅಡಿ ಉದ್ದ, 12 ಅಡಿ ಅಗಲ, ಮೇಲೆ ಶೀಟು, ಪಕ್ಕಕ್ಕೆ ಜಾಲರಿ. ಜಾಗ ಸಿಕ್ಕಿದ ಕಡೆ ಕಟ್ಟಿದ್ದರಿಂದ ಉದ್ದದ ಬದಿ ಪಡುವಣಕ್ಕೆ ಮುಖ ಮಾಡಿತು. ಉದ್ದ ಪೂರ್ವ–ಪಶ್ಚಿಮವಾಗಿ ಇರಬೇಕಿತ್ತು. ಆಗ ಮಧ್ಯಾಹ್ನದ ಬಿಸಿಲೂ ಗಾಳಿಮಳೆಯೂ ಚಿಕ್ಕ ಗೋಡೆಗೆ ಹೊಡೆಯುತ್ತವೆ. ಇನ್ನೊಂದು ಲೆಕ್ಕವೂ ತಪ್ಪಿತ್ತು. ಬೆಳೆದ ಕೋಳಿಗೆ ತಲಾ 2 ಚದರ ಅಡಿ ಬೇಕು. 240 ಚದರ ಅಡಿಯಲ್ಲಿ 120 ಕೋಳಿ ಹಾಯಾಗಿರುತ್ತವೆ, 200 ಅಲ್ಲ. ಹಗಲು ತೋಟಕ್ಕೆ ಬಿಡುತ್ತೇವಲ್ಲ ಅಂದರು. ಹಗಲೇನೋ ಸರಿ. ರಾತ್ರಿ ಎಲ್ಲಿ ಮಲಗುತ್ತವೆ ಎಂದು ನಾನೂ ಕೇಳಲಿಲ್ಲ.

ತಳಿ ಗಿರಿರಾಜ ಮಾದರಿಯದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ ತಳಿ ಅದು. ಅಲ್ಲಿಂದಲೇ 2005ರಲ್ಲಿ ಸ್ವರ್ಣಧಾರ ಬಂತು. ಬಣ್ಣಬಣ್ಣದ ಪುಕ್ಕ, ನೋಡಲು ನಾಟಿಯಂತೆಯೇ ಕಾಣುತ್ತದೆ, ಆದರೆ ಬೇಗ ತೂಕ ಬರುತ್ತದೆ, ಮೊಟ್ಟೆ ಜಾಸ್ತಿ. ಒಂದೇ ಕೊರತೆ ಅಂದರೆ ಈ ಹೇಟೆಗಳಿಗೆ ಕಾವು ಕೂರುವ ಬುದ್ಧಿ ಕಡಿಮೆ. ಏಪ್ರಿಲ್ 10ಕ್ಕೆ 200 ಮರಿ ಬಂದವು, ಮೇಲೆ 4 ಉಚಿತ. ಹುಂಜ, ಹೇಟೆ ಎರಡೂ ಬೆರೆತವು. ಒಂದಕ್ಕೆ 38 ರೂ.

ಏಪ್ರಿಲ್ 10 ಯಾಕೆ ಎಂದು ಯಾರೂ ಕೇಳಲಿಲ್ಲ. ಶೆಡ್ ಆವತ್ತಿಗೆ ಮುಗಿಯಿತು, ಮರಿ ಆವತ್ತು ಸಿಕ್ಕವು, ಅಷ್ಟೇ. ಈ ಪ್ರಕರಣದ ಅತಿ ದುಬಾರಿ ತೀರ್ಮಾನ ಅದೇ. ಆದರೆ ಅದರ ಬಿಲ್ಲು ಬಂದದ್ದು ನಾಲ್ಕು ತಿಂಗಳ ಮೇಲೆ.

ಮೊದಲ ಮೂರು ರಾತ್ರಿ

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಬರಬೇಕು. ಯಜಮಾನರು ಶೆಡ್ಡಿನ ಮೂಲೆಯಲ್ಲಿ ಭತ್ತದ ಹೊಟ್ಟು ಹರಡಿ, ಮೇಲೆ ಬಲ್ಬು ಕಟ್ಟಿ, ಥರ್ಮಾಮೀಟರ್ ತೂಗುಹಾಕಿದ್ದರು. ಚೆನ್ನಾಗಿಯೇ ಇತ್ತು. ಎರಡನೇ ರಾತ್ರಿ 2 ಗಂಟೆಗೆ ಕರೆಂಟ್ ಹೋಯಿತು. ಬೆಳಗ್ಗೆ ನೋಡಿದರೆ ಮೂಲೆಯಲ್ಲಿ ಮರಿಗಳ ಗುಡ್ಡೆ. ಚಳಿಗೆ ಒಂದರ ಮೇಲೊಂದು ಹತ್ತಿ, ಕೆಳಗಿನವು ಉಸಿರುಕಟ್ಟಿ ಸತ್ತಿದ್ದವು. ಮೂರನೇ ರಾತ್ರಿಯೂ ಅದೇ ಕತೆ. ಒಟ್ಟು 11 ಹೋದವು.

ಫೋನ್ ಬಂದಾಗ ನಾನು ಹೋಗಿ ಮಾಡಿದ್ದು ಎರಡು ಕೆಲಸ. ರಟ್ಟಿನ ಡಬ್ಬ ಬಿಚ್ಚಿ ಮೊಳದುದ್ದ ಎತ್ತರದ ದುಂಡನೆಯ ಬೇಲಿ ಕಟ್ಟಿದೆ. ದುಂಡಗಿದ್ದರೆ ಮೂಲೆಯೇ ಇರುವುದಿಲ್ಲ, ಗುಡ್ಡೆ ಬೀಳಲು ಜಾಗವಿಲ್ಲ. ಇನ್ನೊಂದು, ಕರೆಂಟ್ ಹೋದರೆ ಇರಲಿ ಎಂದು ತೂತು ಮಾಡಿದ ಹಳೇ ಮಡಕೆಯಲ್ಲಿ ಇದ್ದಿಲ ಕೆಂಡ. ಅದನ್ನು ಇಡುವಾಗ ಜಾಲರಿಗೆ ಕಟ್ಟಿದ ಗೋಣಿಚೀಲದ ಮೇಲ್ಭಾಗ ತೆರೆದಿರಲೇಬೇಕು. ಮುಚ್ಚಿದ ಜಾಗದಲ್ಲಿ ಕೆಂಡದ ಹೊಗೆ ಮರಿಯನ್ನೂ ಕೊಲ್ಲುತ್ತದೆ, ಕಾವಲು ಮಲಗಿದವರನ್ನೂ ಕೊಲ್ಲುತ್ತದೆ.

ಮನೆಯಾಕೆ ಅಲ್ಲಿಂದ ಥರ್ಮಾಮೀಟರ್ ನೋಡುವುದನ್ನೇ ಬಿಟ್ಟರು. ಮರಿ ಬಲ್ಬಿನ ಕೆಳಗೆ ಒತ್ತಿಕೊಂಡರೆ ಚಳಿ. ಬೇಲಿಗೆ ಅಂಟಿ ಬಾಯಿ ತೆರೆದರೆ ಸೆಖೆ. ಎಲ್ಲ ಒಂದೇ ಬದಿಗೆ ಸರಿದಿದ್ದರೆ ಇನ್ನೊಂದು ಬದಿಯಿಂದ ಗಾಳಿ. ಚದುರಿ ಮಲಗಿದ್ದರೆ ನಾವೂ ಹೋಗಿ ಮಲಗಬಹುದು. ಏಪ್ರಿಲ್ ಹಗಲಲ್ಲಿ ಬಲ್ಬು ಬೇಕೇ ಇಲ್ಲ ಎಂದು ಕಂಡುಕೊಂಡದ್ದೂ ಅವರೇ.

28ನೇ ದಿನ

ಲಸಿಕೆಯ ಪಟ್ಟಿ ನಾನೇ ಬರೆದುಕೊಟ್ಟಿದ್ದೆ. 6ನೇ ದಿನ ಕೊಕ್ಕರೆ ರೋಗಕ್ಕೆ ಲಸೋಟಾ, ಕಣ್ಣಿಗೆ ಒಂದು ಹನಿ. 14ನೇ ದಿನ ಗುಂಬೋರೊ ರೋಗಕ್ಕೆ. 28ನೇ ದಿನ ಮತ್ತೆ ಲಸೋಟಾ. ಆರನೇ ವಾರ ಸಿಡುಬಿಗೆ. ಎಂಟು ವಾರ ತುಂಬಿದ ಮೇಲೆ ಅದೇ ಕೊಕ್ಕರೆ ರೋಗಕ್ಕೆ ಆರ್‌2ಬಿ, ರೆಕ್ಕೆಯಡಿಯ ಚರ್ಮಕ್ಕೆ ಚುಚ್ಚುವುದು. ಇದಕ್ಕಿಂತ ಎಳೆಯ ಮರಿಗೆ ಆರ್‌2ಬಿ ಕೊಡಬಾರದು, ಮರಿ ತಡೆದುಕೊಳ್ಳುವುದಿಲ್ಲ. ಮೊದಲ ಎರಡನ್ನೂ ಸರಿಯಾಗಿ ಹಾಕಿದರು. ಫ್ಲಾಸ್ಕಿನಲ್ಲಿ ಐಸ್ ತುಂಬಿ ಲಸಿಕೆ ತಂದರು. ಕರಗಿಸಿದ ಎರಡು ಗಂಟೆಯೊಳಗೆ ಮುಗಿಸಿದರು.

ನಾಲ್ಕನೇ ವಾರಕ್ಕೆ, ಮೇ ಮೊದಲಲ್ಲಿ, ಗಾಳಿಮಳೆ ಬಂತು. ಪಡುವಣದ ಬದಿಯಿಂದ ಎರಚಲು ಹೊಡೆದು ಹೊಟ್ಟು ತೊಪ್ಪೆಯಾಯಿತು. ನೀರಿನ ಪಾತ್ರೆಗಳು ನೆಲದಲ್ಲೇ ಇದ್ದವು, ಮರಿಗಳು ತುಳಿದು ಚೆಲ್ಲಿದ್ದು ಬೇರೆ. ಮೂರು ನಾಲ್ಕು ದಿನಕ್ಕೆ ಹಿಕ್ಕೆಯಲ್ಲಿ ರಕ್ತ. ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು ನಿಂತವು. ರಕ್ತಭೇದಿ. ಈ ರೋಗದ ಜೀವಿ ಒಣ ಹೊಟ್ಟಿನಲ್ಲಿ ಬಲಿಯುವುದು ಕಷ್ಟ. ಒದ್ದೆ ಮತ್ತು ಬಿಸಿ ಎರಡೂ ಸಿಕ್ಕರೆ ಅದಕ್ಕೆ ಹಬ್ಬ. ಪಶುವೈದ್ಯರು ಹೇಳಿದಂತೆ ಐದು ದಿನ ನೀರಿನಲ್ಲಿ ಆಂಪ್ರೋಲಿಯಂ ಕೊಟ್ಟರು. ಒದ್ದೆ ಹೊಟ್ಟು ಬಳಿದು ಹಾಕಿ, ಸುಣ್ಣ ಎರಚಿ, ಹೊಸ ಹೊಟ್ಟು ಹರಡಿದರು. ನೀರಿನ ಪಾತ್ರೆಗಳನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಕೊಟ್ಟು ಏರಿಸಿದರು. ಅಷ್ಟರಲ್ಲಿ 19 ಸತ್ತಿದ್ದವು.

28ನೇ ದಿನ ಬಂದಿದ್ದು ಸರಿಯಾಗಿ ಇದರ ನಡುವೆ. ಕಾಯಿಲೆ ಬಿದ್ದ ಮರಿಗೆ ಲಸಿಕೆ ಹಾಕಬಾರದು. ಹಾಗಾಗಿ ಮುಂದಕ್ಕೆ ಹಾಕಿದ್ದು ಸರಿಯಾದ ತೀರ್ಮಾನವೇ. ಆದರೆ ಮುಂದಕ್ಕೆ ಅಂದರೆ ಯಾವತ್ತಿಗೆ ಎಂದು ಎಲ್ಲೂ ಬರೆಯಲಿಲ್ಲ. ಪಟ್ಟಿಯಲ್ಲಿ 28 ಅಂತ ಇತ್ತು, ಆ ದಿನ ಕಳೆದುಹೋಯಿತು. ಭೇದಿ ನಿಂತ ಖುಷಿಯಲ್ಲಿ ಎಲ್ಲರೂ ಮರೆತರು. ಒಂದು ತಪ್ಪಿದ ಮೇಲೆ ಮುಂದಿನ ಸಾಲುಗಳೂ ಕಣ್ಣಿಗೆ ಬೀಳಲಿಲ್ಲ. ಆರ್‌2ಬಿ ಕೂಡ ಹೋಯಿತು. ನಾನು ಎರಡು ಸಲ ಫೋನ್ ಮಾಡಿದ್ದೆ. ಭೇದಿ ನಿಂತಿತಾ ಎಂದು ಕೇಳಿದೆ. ಲಸಿಕೆ ಹಾಕಿದಿರಾ ಎಂದು ಕೇಳಲಿಲ್ಲ. ನನ್ನ ತಪ್ಪು ಅಂದೆನಲ್ಲ, ಇದೇ.

ತೋಟಕ್ಕೆ ಬಿಟ್ಟ ಮೇಲೆ

ಜೂನ್‌ನಲ್ಲಿ ತೆಂಗಿನ ತೋಟಕ್ಕೆ ಬಿಟ್ಟರು. ನೋಡಲು ಚೆಂದ. ಆದರೆ ಒಂದು ತಿಂಗಳಲ್ಲಿ 14 ಕಾಣೆಯಾದವು. ಕೆಲವನ್ನು ಹದ್ದು ಎತ್ತಿತು, ಕೆಲವನ್ನು ಮುಂಗುಸಿ, ಒಂದೇ ಮಧ್ಯಾಹ್ನ ಎರಡನ್ನು ಊರ ನಾಯಿ. ಅಜ್ಜಿಯ ಮರಿಗಳು ಅದೇ ತೋಟದಲ್ಲಿ ಓಡಾಡಿದರೂ ಹೀಗಾಗುತ್ತಿರಲಿಲ್ಲ.

ಯಾಕೆ ಎಂದು ಅಜ್ಜಿಯೇ ಹೇಳಿದರು: "ಇವಕ್ಕೆ ಅವ್ವ ಇಲ್ಲ ಕಣಪ್ಪ." ಹದ್ದಿನ ನೆರಳು ಬಿದ್ದರೆ ತಾಯಿಕೋಳಿ ಒಂದು ಥರ ಕೂಗುತ್ತದೆ, ನೆಲದಲ್ಲಿ ಮುಂಗುಸಿ ಕಂಡರೆ ಇನ್ನೊಂದು ಥರ. ಮರಿ ಮೊದಲನೆಯದಕ್ಕೆ ಪೊದೆಗೆ ನುಗ್ಗುತ್ತದೆ, ಎರಡನೆಯದಕ್ಕೆ ಕತ್ತೆತ್ತಿ ನಿಂತು ಸುತ್ತ ನೋಡುತ್ತದೆ. ಮೆಷಿನ್ ಕಾವಿನಲ್ಲಿ ಹುಟ್ಟಿ ಶೆಡ್ಡಿನಲ್ಲಿ ಬೆಳೆದವು ಆ ಕೂಗನ್ನು ಕೇಳಿಯೇ ಇರಲಿಲ್ಲ. ನುಗ್ಗೋಣ ಅಂದರೆ ಉತ್ತು ಬಿಟ್ಟ ತೋಟದಲ್ಲಿ ಪೊದೆಯೂ ಇರಲಿಲ್ಲ. ಅಜ್ಜಿ ತಮ್ಮ ಹುಂಜವನ್ನೂ ಎರಡು ಹಳೇ ಹೇಟೆಗಳನ್ನೂ ಆ ಗುಂಪಿನ ಜೊತೆ ಬಿಡತೊಡಗಿದರು. ಯಜಮಾನರು ಮರಗಳ ನಡುವೆ ತೊಗರಿ ಸಾಲು ಹಾಕಿದರು, ಬೆಳೆಯುವವರೆಗೆ ಇರಲಿ ಎಂದು ತೆಂಗಿನ ಗರಿಗಳನ್ನು ಗುಡಿಸಲಿನಂತೆ ಅಲ್ಲಲ್ಲಿ ಒರಗಿಸಿದರು. ಜುಲೈನಿಂದ ಹದ್ದಿಗೆ ಸಿಕ್ಕಿದ್ದು ಒಂದೇ ಒಂದು. ಇಡೀ ಪ್ರಕರಣದಲ್ಲಿ ಕಾಸು ಖರ್ಚಿಲ್ಲದೆ ಸರಿಹೋದದ್ದು ಇದೊಂದೇ.

ಆಷಾಢದ ವ್ಯಾಪಾರಿ

ಜುಲೈ ಮಧ್ಯಕ್ಕೆ ಉಳಿದದ್ದು 150. ಅದರಲ್ಲಿ ಹುಂಜ 72. ತೂಕ ಸರಾಸರಿ 1.6 ಕಿಲೋ. ಒಬ್ಬ ವ್ಯಾಪಾರಿ ಬಂದು ನೋಡಿ, ಇದು ನಾಟಿ ಅಲ್ಲ, ಗಿರಿರಾಜ ಅಂದ. ಕಿಲೋಗೆ 150 ಕೊಡುತ್ತೇನೆ, 72ನ್ನೂ ನಾಳೆಯೇ ತುಂಬಿಕೊಂಡು ಹೋಗುತ್ತೇನೆ ಎಂದ. ಒಟ್ಟು 17,000 ರೂ. ಚಿಲ್ಲರೆ.

ಯಜಮಾನರು ಒಪ್ಪಲಿಲ್ಲ. ಅವರದ್ದು ದಡ್ಡ ಲೆಕ್ಕವೇನಲ್ಲ. ಇನ್ನೂ ಬೆಳೆಯುತ್ತಿವೆ, 2.2 ಕಿಲೋ ಬರಲಿ, ನಾನೇ ಚಿಲ್ಲರೆಯಾಗಿ 180ಕ್ಕೆ ಮಾರುತ್ತೇನೆ, 28,500 ಆಗುತ್ತದೆ. ಸುಮ್ನೆ 11,000 ಯಾಕೆ ಬಿಡಲಿ? ನಾನು ಅಲ್ಲಿದ್ದರೆ ನಾನೂ ಹೌದು ಅನ್ನುತ್ತಿದ್ದೆನೇನೋ.

ಬಿಟ್ಟುಹೋದದ್ದು ಪಂಚಾಂಗ. ಆಷಾಢ ಮುಗಿಯಲು ಹತ್ತು ಹನ್ನೆರಡು ದಿನ ಉಳಿದಿತ್ತು. ಅದಾದ ಮೇಲೆ ಶ್ರಾವಣ. ನಮ್ಮ ಕಡೆ ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸದ ಪಾತ್ರೆ ಅಟ್ಟ ಸೇರುತ್ತದೆ. ಆಮೇಲೆ ಗೌರಿ–ಗಣೇಶ. ಮತ್ತೆ ಕೋಳಿ ಕೇಳುವವರು ಬರುವುದು ಪಿತೃಪಕ್ಷದ ಹೊತ್ತಿಗೆ, ಎಡೆ ಇಡಲು. ಅಂದರೆ ಎರಡು ತಿಂಗಳು ಕಾಯಬೇಕು. 72 ಹುಂಜ ದಿನಕ್ಕೆ 9 ಕಿಲೋ ಮೇವು ತಿನ್ನುತ್ತಿದ್ದವು, ಕಿಲೋಗೆ 33 ರೂ. ದಿನಕ್ಕೆ 300 ರೂ. 57 ದಿನಕ್ಕೆ 17,000. ಕನಸಿನ 28,500ರಲ್ಲಿ ಇದನ್ನು ಕಳೆದರೆ 11,500 ಉಳಿಯುತ್ತದೆ. ವ್ಯಾಪಾರಿ ಬಾಗಿಲಲ್ಲಿ ನಿಂತು 17,000 ಕೊಡುತ್ತಿದ್ದ!

ಬೆಳೆದ ಹುಂಜಕ್ಕೆ ಮಾರುವ ದಿನ ಅಂತ ಒಂದಿರುತ್ತದೆ. ಆ ದಿನ ದಾಟಿದರೆ ಅದು ನಮ್ಮ ಮನೆಯ ಸಾಲಗಾರ. ಕೋಳೀನ ಕೇಳಿ ಮಸಾಲೆ ಅರೆಯುತ್ತಾರಾ ಎಂದು ಗಾದೆ ಇದೆಯಲ್ಲ. ಸಾಕುವವನು ಮಾತ್ರ ಮಸಾಲೆ ಅರೆಯುವವರನ್ನು ಕೇಳಿಯೇ ಮರಿ ತರಬೇಕು. ಏಪ್ರಿಲ್ 10ರ ಬಿಲ್ಲು ಅಂದೆನಲ್ಲ, ಬಂದದ್ದು ಹೀಗೆ.

ಸಂತೆಯ 12 ಹೇಟೆ

ಶ್ರಾವಣದ ಎರಡನೇ ವಾರ. ಶೆಡ್ಡಿನಲ್ಲಿ ಹುಂಜಗಳು ಒಂದನ್ನೊಂದು ಕುಕ್ಕುತ್ತಿದ್ದವು. ಯಜಮಾನರಿಗೆ ಬೇಸರ. ವಾರದ ಸಂತೆಗೆ ಹೋದಾಗ 12 ನಾಟಿ ಹೇಟೆ ಅಗ್ಗಕ್ಕೆ ಸಿಕ್ಕವು. ಇವನ್ನು ಕಾವಿಗೆ ಕೂರಿಸಿ ಮರಿ ಮಾಡಿದರೆ ಮುಂದಿನ ಸಲ ಮರಿ ಕೊಳ್ಳುವುದೇ ಬೇಡ ಅಂದುಕೊಂಡರು. ಯೋಚನೆ ಒಳ್ಳೆಯದೇ. ಅಷ್ಟು ಅಗ್ಗ ಯಾಕೆ ಎಂದು ಮಾತ್ರ ಕೇಳಲಿಲ್ಲ. ಶ್ರಾವಣ ಅಲ್ವಾ, ಅದಕ್ಕೇ ಅಂದುಕೊಂಡರು. ಇರಲೂಬಹುದು. ಆದರೆ ಊರಲ್ಲಿ ಕೋಳಿ ಬೇನೆ ಶುರುವಾದಾಗ ಜನ ಮಾಡುವ ಮೊದಲ ಕೆಲಸವೂ ಇದ್ದದ್ದನ್ನು ಸಂತೆಗೆ ಸಾಗಿಸುವುದೇ.

ಸಂಜೆ ತಂದು ಅದೇ ಶೆಡ್ಡಿಗೆ ಬಿಟ್ಟರು. ಆರನೇ ದಿನ ತಂದವುಗಳಲ್ಲಿ ಎರಡು ಮಂಕಾದವು. ಎಂಟನೇ ದಿನದಿಂದ ಉಳಿದವಕ್ಕೆ ಹಿಡಿಯಿತು. ಹಸಿರು ಬೆರೆತ ಭೇದಿ, ಬಾಯಿ ತೆರೆದು ಗೊರಗೊರ ಉಸಿರು, ಕೆಲವಕ್ಕೆ ಕತ್ತು ತಿರುಚಿಕೊಂಡಿತು. ಕೊಕ್ಕರೆ ರೋಗ. ಸತ್ತದ್ದನ್ನು ಪಶುವೈದ್ಯರು ಕೊಯ್ದು ನೋಡಿ, ಜಠರದ ಒಳಗೋಡೆಯ ರಕ್ತದ ಚುಕ್ಕೆಗಳನ್ನು ತೋರಿಸಿದರು. ಸಂತೆಯ ಹೇಟೆಗಳೇ ತಂದವು ಎಂದು ಸಾಬೀತು ಮಾಡಲಾಗದು. ದಿನ ಮಾತ್ರ ಕೂಡುತ್ತದೆ. ಈ ರೋಗ ಮೈಗೆ ಸೇರಿ ಲಕ್ಷಣ ತೋರಿಸಲು ಸಾಮಾನ್ಯವಾಗಿ ಐದಾರು ದಿನ ತೆಗೆದುಕೊಳ್ಳುತ್ತದೆ.

ಇದಕ್ಕೆ ಮದ್ದಿಲ್ಲ, ಲಸಿಕೆಯೊಂದೇ. ಹೊರಗಿನವರು ಇದನ್ನು ರಾಣಿಖೇತ್ ರೋಗ ಅನ್ನುತ್ತಾರೆ. 1927–28ರ ಸುಮಾರಿಗೆ ಉತ್ತರಾಖಂಡದ ಆ ಹೆಸರಿನ ಬೆಟ್ಟದೂರಿನಲ್ಲಿ ಗುರುತಿಸಿದ್ದರಿಂದ ಆ ಹೆಸರು. ನಾವು ಹಾಕದೆ ಬಿಟ್ಟ ಆರ್‌2ಬಿ ಲಸಿಕೆಗೆ ಮುಕ್ತೇಶ್ವರ ತಳಿ ಎಂದೂ ಹೆಸರಿದೆ. ರಾಣಿಖೇತ್, ಮುಕ್ತೇಶ್ವರ ಎರಡೂ ಕುಮಾಂವ್ ಬೆಟ್ಟದ ಊರುಗಳೇ. ರೋಗ ಮಾತ್ರ ನಮ್ಮ ತೋಟದ ತನಕ ಬಂತು. ಲಸಿಕೆ ತಾಲ್ಲೂಕು ಪಶು ಆಸ್ಪತ್ರೆಯ ಫ್ರಿಜ್ಜಿನ ತನಕ ಬಂದಿತ್ತು, ಅಲ್ಲಿಂದ ತರುವ ಕೆಲಸ ನಮ್ಮದಾಗಿತ್ತು. 6ನೇ ದಿನದ ಒಂದು ಹನಿಯ ಬಲ ನಾಲ್ಕು ತಿಂಗಳ ಕೋಳಿಯನ್ನು ಕಾಯುವುದಿಲ್ಲ.

ಮೂರನೇ ದಿನದ ಸಾವು ಎಣಿಸುವಾಗ ಒಬ್ಬ ಬಂದ. ಇನ್ನೂ ನಿಂತಿರುವುದನ್ನೆಲ್ಲ ತಲಾ 50 ರೂ. ಕೊಟ್ಟು ಒಯ್ಯುತ್ತೇನೆ, ಬೇರೆ ಕಡೆ ಸಂತೆ ಇದೆ ಎಂದ. ಆಗ 90ಕ್ಕೂ ಜಾಸ್ತಿ ನಿಂತಿದ್ದವು. 4,500 ರೂ. ಮೇವಿಗೇ 40,000 ದಾಟಿಸಿದ್ದವರಿಗೆ ಆ ಹೊತ್ತಿನಲ್ಲಿ ಅದು ಸಣ್ಣ ಹಣವಲ್ಲ. ಯಜಮಾನರು ಹೂಂ ಅನ್ನುವುದರಲ್ಲಿದ್ದರು. ಬೇಡ ಅಂದದ್ದು ಮನೆಯಾಕೆ. "ನಮಗೆ ಬಂದದ್ದೂ ಹಿಂಗೇ ಯಾರೋ ಮಾರಿದ್ದು" ಎಂದರು, ಅಷ್ಟೇ. ಆ ಮನುಷ್ಯ ಪಂಜರ ಎತ್ತಿಕೊಂಡು ಹೊರಟುಹೋದ.

ತೋಟದ ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿ, ಪದರ ಪದರವಾಗಿ ಸುಣ್ಣ ಹಾಕಿ ಹೂತರು. ಹತ್ತು ದಿನದಲ್ಲಿ ಎಲ್ಲ ನಿಂತಾಗ ಉಳಿದದ್ದು 38. ಅಜ್ಜಿಯ 7 ಕೋಳಿಯಲ್ಲಿ ಒಂದೂ ಉಳಿಯಲಿಲ್ಲ. ಹುಂಜವೂ ಹೋಗಿತ್ತು. ಅದು ಎಷ್ಟೋ ವರ್ಷದಿಂದ ಮರಿಯಿಂದ ಮರಿಯಾಗಿ ಬಂದ ವಂಶ. ಅಜ್ಜಿ ಯಾರಿಗೂ ಒಂದು ಮಾತು ಅನ್ನಲಿಲ್ಲ. ಆ ಮನೆಯಲ್ಲಿ ಕೋಳಿ ಕೂಗದೆ ಬೆಳಗಾಗತೊಡಗಿತು.

ಎರಡನೇ ಸಲ

ಉಳಿದ 38ನ್ನು ಮಾರಲಿಲ್ಲ, ಹಂಚಲಿಲ್ಲ. ಚೆನ್ನಾಗಿ ಚೇತರಿಸಿಕೊಂಡ ಮೇಲೆ ಮನೆಯಲ್ಲೇ ಒಂದೊಂದಾಗಿ ಮುಗಿಸಿದರು. ಶೆಡ್ಡಿನ ಹೊಟ್ಟೆಲ್ಲ ತೆಗೆದು ಸುಟ್ಟು, ನೆಲ ಉಜ್ಜಿ, ಗೋಡೆಗೂ ಜಾಲರಿಗೂ ಸುಣ್ಣ ಬಳಿದು ಎರಡು ತಿಂಗಳು ಖಾಲಿ ಬಿಟ್ಟರು. ಆ ಎರಡು ತಿಂಗಳಲ್ಲಿ ಪಡುವಣದ ಬದಿಗೆ ಸೂರು ಮೂರಡಿ ಮುಂದಕ್ಕೆ ಚಾಚಿಸಿದರು.

ನವೆಂಬರ್‌ನಲ್ಲಿ ನಾವು ನಾಲ್ವರೂ ಜಗುಲಿಯಲ್ಲಿ ಕೂತೆವು. ಮಧ್ಯದಲ್ಲಿ ಮುಂದಿನ ವರ್ಷದ ಗೋಡೆ ಕ್ಯಾಲೆಂಡರ್. ಈ ಸಲ ಮೊದಲು ಗುರುತು ಹಾಕಿದ್ದು ಮಾರುವ ದಿನಕ್ಕೆ. ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಬಾಡೂಟ ಇಲ್ಲದ ಮನೆ ಕಡಿಮೆ, ಕೋಳಿಗೆ ಜನ ತಾವೇ ಹುಡುಕಿಕೊಂಡು ಬರುತ್ತಾರೆ. ಅಲ್ಲಿಂದ 110 ದಿನ ಹಿಂದಕ್ಕೆ ಎಣಿಸಿದೆವು. ಡಿಸೆಂಬರ್ ಮೊದಲ ವಾರಕ್ಕೆ ಬಂತು. ಚಳಿಗಾಲದ ಮರಿ, ಶಾಖ ಜಾಸ್ತಿ ಬೇಕು, ಕಷ್ಟ ಎಂದೆ ನಾನು. ಎಷ್ಟು ಮರಿ ಎಂದು ಕೇಳಿದರು ಮನೆಯಾಕೆ. "ಒಂದು ಬೇಲಿಗೆ ಎಷ್ಟು ಹಿಡಿಯುತ್ತೋ, ನಾನೊಬ್ಬಳೇ ರಾತ್ರಿ ಎದ್ದು ಎಷ್ಟು ನೋಡಬಹುದೋ, ಅಷ್ಟು." 60 ಎಂದು ತೀರ್ಮಾನವಾಯಿತು. ಯಜಮಾನರಿಗೆ 85,000ದ ಶೆಡ್ಡಿನಲ್ಲಿ 60 ಮರಿ ಬಿಡುವುದು ಹೊಟ್ಟೆ ಉರಿ. ಉರಿಯಲಿ ಬಿಡಿ ಎಂದೆವು.

ಲಸಿಕೆಯ ಪಟ್ಟಿ ಈ ಸಲ ಹಾಲಿನ ಲೆಕ್ಕದ ಕ್ಯಾಲೆಂಡರಿಗೇ ಹೋಯಿತು, ದಿನಾ ಕಣ್ಣು ಬೀಳುವ ಕಡೆ. ಎಷ್ಟನೇ ದಿನ ಅಂತಲ್ಲ, ಇಂಥ ತಾರೀಕು ಅಂತ. ಮುಂದೂಡಿದರೆ ಅದೇ ಹೊತ್ತಿಗೆ ಹೊಸ ತಾರೀಕಿಗೆ ಸುತ್ತು ಹಾಕಬೇಕು ಎಂಬ ಕಟ್ಟಳೆ. ಒಂದು ಸಲ ಹಾಗೆ ಮುಂದೂಡಿದ್ದೂ ಆಯಿತು, ಐದು ದಿನ ತಡವಾಗಿ ಹಾಕಿಯೂ ಆಯಿತು.

ಆರ್‌2ಬಿ ದಿನ ಒಂದು ತೊಡಕು ಬಂತು. ಸೀಸೆ 100 ಕೋಳಿಯದು, ಇವರಲ್ಲಿ ಇದ್ದದ್ದು 55. ಕರಗಿಸಿದ ಮೇಲೆ ಉಳಿದದ್ದನ್ನು ಇಡುವಂತಿಲ್ಲ. ಅಜ್ಜಿ ಹಿಂದಿನ ರಾತ್ರಿಯೇ ಕೇರಿಯಲ್ಲಿ ಸುತ್ತಿ ಬಂದಿದ್ದರು. ಬೆಳಗ್ಗೆ ಬಿಸಿಲೇರುವ ಮೊದಲು ನಾವು ಮನೆಮನೆಗೆ ಹೋಗಿ, ಗೂಡಿನಿಂದ ಇನ್ನೂ ಬಿಡದ ಕೋಳಿಗಳಿಗೆ ಹಾಕಿದೆವು. ಎರಡು ತಿಂಗಳು ದಾಟಿದ, ಲವಲವಿಕೆಯಿಂದಿದ್ದ 30ಕ್ಕೂ ಹೆಚ್ಚು ಕೋಳಿ ಸಿಕ್ಕವು. ಅವರಿಗೆ ಪುಕ್ಕಟೆ, ಇವರಿಗೆ ಸುತ್ತ ಒಂದು ಬೇಲಿ. ನನಗೆ ಕೇಳಿದರೆ ಇಡೀ ಎರಡು ವರ್ಷದಲ್ಲಿ ಆ ಮನೆ ಮಾಡಿದ ಅತಿ ಜಾಣ ಕೆಲಸ ಇದೇ. ಊರಿನ ನಾಟಿ ಕೋಳಿಗಳಿಗೆ ರೋಗ ಬಂದರೆ ನಮ್ಮ ಜಾಲರಿ ಏನು ತಡೆಯುತ್ತದೆ ಹೇಳಿ?

ಹೊಸತೊಡಕಿನ ಹಿಂದಿನ ಎರಡು ದಿನ ಮನೆ ಬಾಗಿಲಲ್ಲೇ ತಕ್ಕಡಿ ತೂಗಿತು. ಬದುಕಿದ್ದ 54ರಲ್ಲಿ 27 ಹುಂಜ. ಮೂರನ್ನು ತಳಿಗೆ ಇಟ್ಟುಕೊಂಡು 24 ಮಾರಿದರು. ಸರಾಸರಿ 2.1 ಕಿಲೋ, ಕಿಲೋಗೆ 220 ರೂ. ಇದು ನಾಟಿ ಅಲ್ಲ ಎಂದು ಬಂದವರಿಗೆಲ್ಲ ಮೊದಲೇ ಹೇಳಿದರು. ಇಬ್ಬರು ವಾಪಸ್ ಹೋದರು, ಉಳಿದವರು ಹೋಗಲಿಲ್ಲ. ಬಂದದ್ದು 11,000 ರೂ. ಖರ್ಚು ಮರಿಗೆ 2,280, ಮೇವಿಗೆ ಸುಮಾರು 9,000, ಲಸಿಕೆ, ಇದ್ದಿಲು, ಕರೆಂಟಿಗೆ 900. ಅಂದರೆ 27 ಹೇಟೆ, ಮೂರು ಹುಂಜ ಕೊಟ್ಟಿಗೆಯಲ್ಲಿ ಉಳಿದದ್ದಕ್ಕೆ ಕೈಯಿಂದ ಹೋದದ್ದು 1,200 ರೂ. ಶೆಡ್ಡಿನ ಹಣ ಇನ್ನೂ ಹುಟ್ಟಿಲ್ಲ. ಅದು ಹುಟ್ಟಲು ಹೀಗೇ ಎಷ್ಟು ವರ್ಷ ಬೇಕೋ, ಯಜಮಾನರು ಆ ಪುಟವನ್ನು ನನಗೆ ತೋರಿಸುವುದಿಲ್ಲ.

ಜೂನ್ ಹೊತ್ತಿಗೆ ಮೊಟ್ಟೆ ಶುರುವಾಯಿತು. ಕಾವಿಗೆ ಮಾತ್ರ ನಾಟಿಯೇ ಬೇಕು. ಅಜ್ಜಿ ತಮ್ಮನ ಮನೆಯಿಂದ ಎರಡು ನಾಟಿ ಹೇಟೆ ತರಿಸಿದರು. ಯಾರೂ ಹೇಳದೆ ಅವನ್ನು ತೋಟದಾಚೆಯ ಪಂಪ್‌ಹೌಸಿನಲ್ಲಿ ಮಂಕರಿ ಕವುಚಿ ಮೂರು ವಾರ ಬೇರೆಯೇ ಇಟ್ಟರು. ಅವಕ್ಕೆ ಮೇವು ಹಾಕಿ ಬಂದ ಮೇಲೆ ಶೆಡ್ಡಿನ ಕಡೆ ಸುಳಿಯುತ್ತಿರಲಿಲ್ಲ. ಶೆಡ್ಡಿನದನ್ನು ಮುಗಿಸಿಕೊಂಡೇ ಇತ್ತ ಬರುತ್ತಿದ್ದರು.

ಮೊನ್ನೆ ಹೋಗಿದ್ದೆ. ಅದರಲ್ಲಿ ಒಂದು ಹೇಟೆ ಕೊಟ್ಟಿಗೆಯ ಮೂಲೆಯಲ್ಲಿ 11 ಮೊಟ್ಟೆ ಮೇಲೆ ಕೂತಿತ್ತು. ಪಕ್ಕದ ಗೋಡೆಯಲ್ಲಿ ಇದ್ದಿಲಿನಿಂದ ಎಳೆದ ಗೆರೆ, ದಿನಕ್ಕೊಂದು. ಎಣಿಸಿದೆ, ಹತ್ತು ಇದ್ದವು. ಒಂದು ಮೊಟ್ಟೆ ತೆಗೆದು ಟಾರ್ಚಿಗೆ ಹಿಡಿದು ನೋಡೋಣ ಎಂದು ಕೈ ಚಾಚಿದೆ.

"ಮುಟ್ಟಬೇಡ" ಎಂದರು ಅಜ್ಜಿ. "ನೀನು ಕೋಳಿ ಮನೆಯಿಂದ ಬಂದವನು."

ಹಿತ್ತಲ ನಲ್ಲಿಯಲ್ಲಿ ಸೋಪು ಹಾಕಿ ಕೈಕಾಲು ತೊಳೆದುಕೊಂಡು ಬಂದೆ.